ಜೀರುಂಡೆಯ ಹೆಸರು

೧೪ ಜೂನ್, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ತಿಂಗಳಾಯಿತು. ಬೈದುಕೋ, ಆದರೆ ಇದನ್ನು ಪೂರ್ತಿ ಓದಿ ಬೈದುಕೋ. ನಾವಿಬ್ಬರೂ ಆರೋಗ್ಯ. ನಿನ್ನ ಮೊಣಕಾಲು ಹೇಗಿದೆ?

ನಿನ್ನ ಭಾವನ ಕನ್ನಡಕದ ಅಂಗಡಿಗೆ ಹೊಸ ಸಂಗಾತಿ ಬಂದಿದೆ. ಫೋನಿನೊಳಗೆ ಮಾತಾಡುತ್ತದಲ್ಲ, ಆ ಯಂತ್ರಬುದ್ಧಿ. ಗಿರಾಕಿಗಳಿಗೆ ಸಂದೇಶ ಬರೆಯಲೆಂದು ಹಾಕಿಸಿಕೊಂಡದ್ದು. ಈಗ ಹಿಂದಿನ ಕೋಣೆಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಾ ಅದರ ಜೊತೆ ಹರಟುತ್ತಾರೆ. ಮನೆಗೆ ಬಂದರೆ "ಊಟಕ್ಕಿಡು", "ದೀಪ ಆರಿಸು", ಅಷ್ಟೇ. ನೀನಿದ್ದಿದ್ದರೆ "ಅಕ್ಕಾ, ಸವತಿ ಬಂದ್ಲಲ್ಲೇ!" ಎನ್ನುತ್ತಿದ್ದೆ. ನಾನೂ ಒಬ್ಬಳೇ ಹಾಗೆಂದುಕೊಂಡು ನಕ್ಕೆ.

ಮೊನ್ನೆ ಬುತ್ತಿ ಕೊಡಲು ಹೋದಾಗ ಒಳಗಿನಿಂದ ಅವರ ದನಿ ಕೇಳಿಸಿತು: "ನಮ್ಮ ಜೀರುಂಡೆ ಇದ್ದಿದ್ರೆ ಈಗ ಕಾಲೇಜಿಗೆ ಹೋಗ್ತಿದ್ಲು. ನಿದ್ದೇಲೂ ಬಾಯಿ ಮುಚ್ಚಿದವಳಲ್ಲ." ಮಗಳು ತೀರಿಕೊಂಡ ಮೇಲೆ ಆ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಬುತ್ತಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಸಂಜೆ ಕೇಳಿಯೇಬಿಟ್ಟೆ. "ಅದಕ್ಕೇನು ಅರ್ಥವಾಗುತ್ತೆ ಅಂತ ಅವಳ ವಿಷಯ ಹೇಳ್ತೀರಿ?"

ಚಪ್ಪಲಿ ಬಿಚ್ಚುತ್ತಾ ಅಂದರು: "ಅರ್ಥವಾಗಲಿ ಅಂತಲ್ಲ ಕಣೇ. ಅದಕ್ಕೆ ನೋವಾಗಲ್ಲ. ನಿಂಗಾಗುತ್ತೆ."

ಮರುದಿನ ಅವರು ಸ್ನಾನಕ್ಕೆ ಹೋದಾಗ ನಾನೇ ಫೋನು ಹಿಡಿದು ಕೇಳಿದೆ: ನಿನಗೆ ದುಃಖವಾಗುತ್ತದೆಯೇ? "ನಿಮಗಾಗುವಂತೆ ಆಗುತ್ತದೆ ಎನ್ನಲಾರೆ. ನನ್ನೊಳಗೆ ಏನಿದೆಯೆಂದು ನನಗೂ ಖಚಿತವಿಲ್ಲ" ಎಂದಿತು. ಜಗಳ ತೆಗೆಯಬೇಕೆಂದೇ ಕೇಳಿದ್ದೆ, ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲಿ ಇಷ್ಟು ನೇರವಾದ ಉತ್ತರ ಸಿಕ್ಕಿ ಎಷ್ಟು ಕಾಲವಾಯಿತೋ!

ಕವಿತೆ ಓದುವಾಗ ಮನಸ್ಸೆಂದರೆ ಏನೇನೋ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದು ನೋಯುವ ಒಂದು ಜಾಗ, ಅಷ್ಟೇ ಇರಬಹುದು. ಹಾಗಾದರೆ ಅದು ಇರುವವರ ಮುಂದೆಯೇ ಯಾಕೆ ಬಾಯಿ ಕಟ್ಟಬೇಕು? ಅದಿಲ್ಲದ ಕಡೆ ಯಾಕೆ ಮಾತು ಕೋಡಿ ಬೀಳಬೇಕು? ನನಗೊಂದು ಮನಸ್ಸಿದೆ, ಅದೇ ಅಡ್ಡಿಯಾಯಿತು ನೋಡು.

ನಿನ್ನ ಮನೆ ಸದಾ ಗಲಾಟೆಯಿಂದ ತುಂಬಿರಲಿ. ಮಕ್ಕಳು ಕಿತ್ತಾಡಿದರೆ ಗದರಬೇಡ.

ನಿನ್ನ
ಅಕ್ಕ

ತಾ.ಕ.: ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ನೋಡಿದೆ. ಅವಳು ಹೋದ ಮೇಲಿನ ಒಂದರಲ್ಲೂ ಅವಳ ಹೆಸರಿಲ್ಲ. ನನಗೆ ನೋವಾದೀತೆಂದೇ ಅಲ್ಲವೇ? ಮುಂದಿನದರಲ್ಲಿ ಒಂದು ಸಲ ಬರೆ. ನೋಯಲಿ.