ಹತ್ತು ಗಂಟೆಯವರೆಗೆ ಪುಟ್ಟಿ ಮಲಗಬಾರದು

ಅಕ್ಕಾ,

ಬೆಳಗಿನ ಗಡಿಬಿಡಿಯಲ್ಲಿ ಫೋನು ಮಾಡಿದರೆ ನೀನು ಹೇಗೂ ಎತ್ತುವುದಿಲ್ಲ, ಅದಕ್ಕೇ ಬರೆದಿಟ್ಟಿದ್ದೇನೆ. ನಾನು ತರಬೇತಿಗೆ ಹೋಗುವ ಮಕ್ಕಳ ಕಿವಿ ಆಸ್ಪತ್ರೆಗೆ ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಪುಟ್ಟಿಯನ್ನು ಕರೆದುಕೊಂಡು ಬಾ. ಅಲ್ಲಿಯವರೆಗೆ ಮಲಗಲು ಬಿಡಬೇಡ, ಅತ್ತರೂ ಪರವಾಗಿಲ್ಲ. ಹಾಲನ್ನು ಅಲ್ಲೇ ಕುಡಿಸು. ಅವಳು ನಿದ್ದೆ ಹೋದ ಮೇಲೆಯೇ ಪರೀಕ್ಷೆ. ತಲೆಗೂ ಹಣೆಗೂ ಎಣ್ಣೆ ಹಚ್ಚಬೇಡ, ಪರೀಕ್ಷೆಗೆ ಅಲ್ಲಿ ಅಂಟಿಸುವ ವೈರು ನಿಲ್ಲುವುದಿಲ್ಲ.

ಆರು ತಿಂಗಳ ಹಿಂದೆ, ತರಬೇತಿಯ ಮೊದಲ ವಾರ, ನಾನೇ ಅವಳ ಕಿವಿ ಪರೀಕ್ಷೆ ಮಾಡಿದ್ದೆನಲ್ಲ? ಯಂತ್ರದಲ್ಲಿ ಎರಡೂ ಕಿವಿಗೆ ‘ಮತ್ತೆ ಪರೀಕ್ಷಿಸಿ’ ಎಂದೇ ಬಂದಿತ್ತು. ಮಗು ಅಳುತ್ತಿತ್ತು, ನನ್ನ ಕೈಯೂ ಪಳಗಿರಲಿಲ್ಲ, ಅದಕ್ಕೇ ಹಾಗೆ ಬಂತು ಅಂದುಕೊಂಡೆ. ನನಗೆ ಮಾಡಲು ಬರಲಿಲ್ಲ ಎನ್ನಲು ನಾಚಿಕೆಯಾಗಿ, "ಕಿವಿ ಚೆನ್ನಾಗಿದೆ ಅಕ್ಕಾ, ಚಿಂತೆ ಬಿಡು" ಎಂದುಬಿಟ್ಟೆ.

ಮೊನ್ನೆ ಅವಳ ಬೆನ್ನ ಹಿಂದೆಯೇ ಕುಕ್ಕರಿನ ಮುಚ್ಚಳ ಬಿತ್ತು. ನಾವಿಬ್ಬರೂ ಬೆಚ್ಚಿಬಿದ್ದೆವು. ಅವಳು ಚಮಚ ಕಚ್ಚುತ್ತಾ ಕೂತೇ ಇದ್ದಳು. "ಗಟ್ಟಿಗಿತ್ತಿ ನೋಡೇ, ಯಾವುದಕ್ಕೂ ಜಗ್ಗಲ್ಲ" ಎಂದು ನೀನು ನಕ್ಕೆ. ನನಗೆ ಆ ‘ಮತ್ತೆ ಪರೀಕ್ಷಿಸಿ’ ನೆನಪಾಯಿತು.

ನಿನ್ನೆ ನಮ್ಮ ಮೇಡಂಗೆ ಎಲ್ಲ ಹೇಳಿದೆ. "ಆರು ತಿಂಗಳು ಸುಮ್ಮನೆ ಕಳೆದುಹೋಯ್ತಲ್ಲಮ್ಮ" ಎಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ನಿನ್ನೆದುರು ನಿಂತು ಹೇಳಲು ಮುಖವಿಲ್ಲದೆ ಬೇಗ ಹೊರಟೆ. ಭಾವನನ್ನೂ ಕರೆದುಕೊಂಡು ಬಾ. ಗೇಟಿನ ಹತ್ತಿರವೇ ನಿಂತಿರುತ್ತೇನೆ. ಎಲ್ಲರೆದುರೇ ಬೈ, ಬೇಕಾದರೆ ನಾಲ್ಕು ಬಾರಿಸು. ನನ್ನ ಮೇಲಿನ ಸಿಟ್ಟಿಗೆ ಬಾರದೆ ಮಾತ್ರ ಇರಬೇಡ.