ನಿಮ್ಮ ಆಲ್ಬಮ್ಮಿನಲ್ಲಿರುವ ನನ್ನ ಅಕ್ಕನ ವಿಳಾಸ

ಮಾನ್ಯರೇ, ಅಪರಾಧ ಪತ್ತೆ ವಿಭಾಗದ ಮುಖ್ಯಸ್ಥರೇ,

ಅಂಚೆಚೀಟಿ ಪ್ರದರ್ಶನದಲ್ಲಿ ಮೊದಲ ಬಹುಮಾನ ಹೊಡೆದಿದ್ದೀರಿ, ಅಭಿನಂದನೆಗಳು. ಆದರೆ ಬಹುಮಾನ ಬಂದ ಆ ‘ನೀರುಹಕ್ಕಿಗಳು’ ಹಾಳೆಯಲ್ಲಿರುವ ಮೂರು ಮಿಂಚುಳ್ಳಿಗಳು ನಿಮ್ಮವಲ್ಲ. ಕಾಣೆಯಾದ ನನ್ನ ಅಕ್ಕನನ್ನು ಹುಡುಕಿಕೊಡಿ ಎಂದು ನಾವು ನಿಮ್ಮ ಕೈಗಿತ್ತ ಸಾಕ್ಷಿಗಳು ಅವು. ಸಾಕ್ಷಿಯನ್ನು ಕದ್ದ ಕಳ್ಳರ ವಿಷಯ ಕೇಳಿದ್ದೆ. ಸಾಕ್ಷಿಗೆ ಚೌಕಟ್ಟು ಹಾಕಿಸಿ ಹಾರ ಹಾಕಿಸಿಕೊಂಡ ಅಧಿಕಾರಿಯನ್ನು ಈಗಲೇ ಕಂಡದ್ದು.

ವಿಷಯ ತಿಳಿಯದ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ಹೋದ ವರ್ಷ ಒಂದು ಸಂಜೆ ಬಟ್ಟೆಗೆ ಬಣ್ಣ ಹಾಕುವ ನಮ್ಮ ಅಂಗಡಿಯಿಂದ ಹೊರಟ ಅಕ್ಕ ಮನೆ ತಲುಪಲಿಲ್ಲ. ಆಮೇಲೆ ಅವಳ ಹೆಸರಿನಲ್ಲಿ ಒಂದರ ಹಿಂದೊಂದು ಮೂರು ಕಾಗದ ಬಂದವು. ‘ಪ್ರೀತಿಯ ಸೋದರಿ, ನಾನು ಸುಖವಾಗಿದ್ದೇನೆ, ಹುಡುಕಬೇಡಿ.’ ಅಕ್ಷರ ಅವಳದಲ್ಲ. ಮಾತಂತೂ ಮೊದಲೇ ಅಲ್ಲ. ‘ಲೇ ಕೋತಿ’ ಎನ್ನದೆ ಅವಳು ನನ್ನ ಹತ್ತಿರ ಬಾಯಿ ತೆರೆದದ್ದೇ ಇಲ್ಲ, ಸೋದರಿಯಂತೆ, ಸೋದರಿ!

ಕಾಗದ ಸುಳ್ಳು ಹೇಳಿತು, ಕವರಿಗೆ ಆ ಜಾಣತನ ಇರಲಿಲ್ಲ. ನಮ್ಮ ಬೀದಿಗೆ ಹೊಸ ಅಂಚೆ ಕಚೇರಿ ಬಂದಾಗ ಪಿನ್‌ಕೋಡ್ ಬದಲಾಗಿತ್ತು. ಮೂರು ಕವರುಗಳ ಮೇಲೂ ಇದ್ದದ್ದು ಹಳೆಯದು. ದಿನವೂ ಗಿರಾಕಿಗಳಿಗೆ ಹೊಸ ವಿಳಾಸ ಬರೆದುಕೊಡುತ್ತಿದ್ದ ಅಕ್ಕ ಆ ತಪ್ಪು ಮಾಡುವವಳಲ್ಲ. ಪಿನ್‌ಕೋಡ್ ಬದಲಾಗುವ ಮೊದಲೇ ಬೀದಿ ಬಿಟ್ಟವನ ತಪ್ಪು ಅದು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬೀಗ ರಿಪೇರಿಯವನೊಬ್ಬ ಹಾಗೆ ಬಿಟ್ಟು ಹೋಗಿದ್ದ. ‘ನಿನ್ನ ಮದುವೆ ಆಗಲ್ಲ ಅಂದ್ನಲ್ಲ, ದಾರಿ ಬಿಡು’ ಎಂದು ಅಕ್ಕ ಗದರಿದ ಮೇಲೂ ಮೆಟ್ಟಿಲಲ್ಲಿ ಅಡ್ಡ ನಿಲ್ಲುತ್ತಿದ್ದವನು. ಈಗ ಅವನು ಎಲ್ಲಿದ್ದಾನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಕವರಿನ ಮೇಲಿನ ಅಂಚೆಯ ಠಸ್ಸೆಗೆ. ಆ ದುಂಡು ಮುದ್ರೆಯ ಎಡ ಅರ್ಧ ಕವರಿನ ಮೇಲೆ, ಬಲ ಅರ್ಧ ಮಿಂಚುಳ್ಳಿಯ ಚಿತ್ರವಿದ್ದ ಅಂಚೆಚೀಟಿಯ ಮೇಲೆ ಬಿದ್ದಿತ್ತು. ಶಾಯಿ ಎಷ್ಟು ಮಸುಕೆಂದರೆ ಫೋನಿನಲ್ಲಿ ತೆಗೆದ ಫೋಟೋದಲ್ಲಿ ಬೂದು ಮಚ್ಚೆಯಷ್ಟೇ ಕಾಣುತ್ತದೆ.

ಆಗ ನೀವು ಬಂದಿರಿ. ಅಂಗಡಿಯ ಒದ್ದೆ ನೆಲದಲ್ಲಿ ಬೂಟು ಹಾಳಾದೀತೆಂದು ಕೂಡ ನೋಡದೆ ಅಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತಿರಿ. ‘ಅಮ್ಮಾ, ನಮ್ಮಲ್ಲಿ ವಿಶೇಷ ದೀಪ ಇದೆ. ಅದರ ಕೆಳಗಿಟ್ರೆ ಊರಿನ ಹೆಸರು, ಪಿನ್‌ಕೋಡ್ ಎಲ್ಲಾ ಎದ್ದು ಕಾಣ್ಸುತ್ತೆ. ನಿಮ್ಮ ಮಗಳು ನಂಗೆ ತಂಗಿ ಇದ್ದ ಹಾಗೆ,’ ಎಂದಿರಿ. ಒಂದು ಕವರನ್ನಾದರೂ ನಾವು ಇಟ್ಟುಕೊಳ್ಳೋಣ ಎಂದದ್ದಕ್ಕೆ ಅಮ್ಮ ನನ್ನನ್ನೇ ಗದರಿದಳು: ‘ಸುಮ್ನಿರೇ, ಅಷ್ಟು ದೊಡ್ಡವರು ಬಾಯ್ಬಿಟ್ಟು ಹೇಳ್ತಿದಾರೆ!’ ನೀಲಿ ಬಣ್ಣ ಅಂಟಿದ ಕೈಗಳಿಂದಲೇ ಮೂರನ್ನೂ ಎತ್ತಿ ಕೊಟ್ಟಳು. ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ತಿಂಗಳುಗಟ್ಟಲೆ ಅಲೆದ ಮೇಲೆ ಬಂದ ಉತ್ತರ: ‘ಸ್ವ ಇಚ್ಛೆಯಿಂದ ಮನೆ ತೊರೆದಿದ್ದಾರೆ. ಪ್ರಕರಣ ಮುಕ್ತಾಯ.’ ಕಡತ ತೋರಿಸಿ ಎಂದು ಹಟ ಹಿಡಿದು ಕೂತೆ. ಅದರಲ್ಲಿ ಸುಳ್ಳು ಕಾಗದಗಳು ಮೂರೂ ಭದ್ರವಾಗಿದ್ದವು. ಕವರುಗಳು ಎಲ್ಲಿ? ನಿಮ್ಮ ಜವಾನ ಪಾಪ, ಮುಚ್ಚಿಡದೆ ಹೇಳಿದ: ‘ಸಾಹೇಬ್ರಿಗೆ ಹಕ್ಕಿ ಸ್ಟ್ಯಾಂಪು ಅಂದ್ರೆ ಪ್ರಾಣ ಕಣಮ್ಮ. ಬಂದ ಕವರಿಗೆಲ್ಲ ಕತ್ತರಿ ಹಾಕೋದೇ ಬೆಳಗ್ಗೆ ನಮ್ಮ ಮೊದಲ್ನೇ ಕೆಲಸ. ಸ್ಟ್ಯಾಂಪು ಒಳಗೆ, ಮಿಕ್ಕಿದ್ದು ಕಸದ ಬುಟ್ಟಿಗೆ. ಇದು ಸಾಕ್ಷಿ, ಇದು ಬರೀ ಟಪಾಲು ಅಂತ ನಮಗ್ಯಾರು ಹೇಳಿದ್ರು?’ ನಿಜ, ಅವನಿಗೆ ಯಾರು ಹೇಳಬೇಕಿತ್ತು, ಮಾನ್ಯರೇ? ನೆರೆಮನೆಯವರೇ?

ಪ್ರದರ್ಶನದಲ್ಲಿ ಆ ಹಾಳೆಯನ್ನು ಕಂಡಾಗ ಗಾಜಿಗೆ ಮೂಗು ತಾಗಿಸಿ ನೋಡಿದೆ. ಒಂದು ಮಿಂಚುಳ್ಳಿಯ ಬಾಲದ ಮೇಲೆ ಅಮ್ಮನ ಹೆಬ್ಬೆರಳಿನ ನೀಲಿ ಗುರುತು! ಪಕ್ಕದಲ್ಲಿ ಅದೇ ಮಸುಕು ಮುದ್ರೆಯ ಅರ್ಧ ಕಮಾನು. ನೀವು ಅಲ್ಲೇ ನಿಂತು ಗಂಡು ಮಿಂಚುಳ್ಳಿಯನ್ನು ಕೊಕ್ಕು ನೋಡಿ ಹೇಗೆ ಗುರುತಿಸಬೇಕೆಂದು ಮಕ್ಕಳಿಗೆ ವಿವರಿಸುತ್ತಿದ್ದಿರಿ. ಕೊಕ್ಕು ಕಂಡ ಕಣ್ಣಿಗೆ ಠಸ್ಸೆ ಕಾಣಲಿಲ್ಲವೇ? ಆ ಮೂರು ಚೀಟಿಗಳನ್ನು ಬಿಚ್ಚಿ ಕೊಡಿ ಎಂದು ನಾನು ಕೈ ಮುಗಿದು ಕೇಳಿದೆ. ನೀವು ದನಿ ತಗ್ಗಿಸಿದಿರಿ: ‘ಇಲ್ಲಿ ಗಲಾಟೆ ಬೇಡಮ್ಮ. ಹಾಳೆ ಮುಂದಿನ ವಾರ ದೊಡ್ಡ ಪ್ರದರ್ಶನಕ್ಕೆ ಹೋಗ್ಬೇಕು. ಈಗ ಬಿಚ್ಚಿದ್ರೆ ಚೀಟಿ ಹರಿಯುತ್ತೆ.’ ಅಂದರೆ ಅವು ಯಾವ ಚೀಟಿಗಳೆಂದು ನಿಮಗೆ ಗೊತ್ತಿತ್ತು. ಇಷ್ಟು ದಿನ ಅಸಡ್ಡೆ ಅಂದುಕೊಂಡಿದ್ದೆ, ಅಷ್ಟರ ಮಟ್ಟಿಗೆ ಕ್ಷಮಿಸಿಯೂ ಇದ್ದೆ. ನೀವು ನಂಬಿಸಿ ಕತ್ತು ಕೊಯ್ದಿರಿ. ಇದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಪತ್ರಿಕೆಯಲ್ಲಿ ಓದಿಯೇ ಅವಳಿಗೆ ತಿಳಿಯಲಿ.

ಮೊನ್ನೆ ಇನ್ನೊಂದು ಕವರು ಬಂತು. ಅಂಚೆಚೀಟಿ ಇಲ್ಲ, ದಂಡ ಕಟ್ಟಿ ಬಿಡಿಸಿಕೊಂಡೆವು. ಒಳಗೆ ಕಾಗದವೂ ಇಲ್ಲ. ವಿಳಾಸ ಮಾತ್ರ ಇದೆ, ಪಿನ್‌ಕೋಡ್ ಹೊಸದು, ಅಕ್ಷರ ಅಕ್ಕನದು. ಅವಸರದಲ್ಲಿ ಬರೆದ, ಆದರೆ ಸಾವಿರ ಜನರ ಬರಹದಲ್ಲೂ ನಾನು ಗುರುತಿಸಬಲ್ಲ ಅಕ್ಷರ. ಅದನ್ನು ಕಂಡು ಅಮ್ಮ ಅಂಗಡಿಯ ನಡುವೆಯೇ ಕುಸಿದು ಕೂತು ಬೋರೆಂದು ಅತ್ತಳು. ಈ ಸಲ ಠಸ್ಸೆಯ ಎಡ ಅರ್ಧ ಸ್ಪಷ್ಟವಾಗಿದೆ. ಪಿನ್‌ಕೋಡಿನ ಮೊದಲ ಮೂರು ಅಂಕಿಗಳನ್ನು ಯಾರು ಬೇಕಾದರೂ ಓದಬಹುದು, ಉಳಿದದ್ದು ಅಳಿಸಿದೆ. ಮೂರು ಅಂಕಿಗೆ ಸಿಗುವುದು ಇಡೀ ಸೀಮೆ. ಊರು ಸಿಗಬೇಕಾದರೆ ಕೊನೆಯವೂ ಬೇಕು. ಅವು ಹಳೆಯ ಠಸ್ಸೆಗಳ ಬಲ ಅರ್ಧದಲ್ಲಿವೆ, ಅಂದರೆ ನಿಮ್ಮ ಮಿಂಚುಳ್ಳಿಗಳ ಮೈಮೇಲೆ.

ಹಾಳೆ ಊರು ಬಿಡುವ ಮೊದಲು ಗಾಜು ತೆಗೆಯಿರಿ. ಆ ಮೂರು ಚೀಟಿಗಳನ್ನು ನಿಮ್ಮ ಆ ವಿಶೇಷ ದೀಪದ ಕೆಳಗೆ, ನಮ್ಮ ಕಣ್ಣೆದುರಿಗೇ ಇಡಿ. ಹರಿದರೆ ಹರಿಯಲಿ. ಮುಗಿಸಿದ ಪ್ರಕರಣವನ್ನು ಮತ್ತೆ ತೆರೆಯಿರಿ. ನಿನ್ನೆ ಈ ಹೊಸ ಕವರು ಹಿಡಿದು ನಿಮ್ಮ ಕಚೇರಿಗೆ ಬಂದಿದ್ದೆ. ಗುಮಾಸ್ತರು ಅದನ್ನು ಬಿಡಿಸಿ, ಊದಿ, ಒಳಗೆ ಇಣುಕಿ ನೋಡಿ ಹಿಂದಿರುಗಿಸಿದರು: ‘ಖಾಲಿ ಇದೆಯಲ್ಲಮ್ಮ, ಏನಂತ ದಾಖಲಿಸೋದು?’

ಅಕ್ಕ ಬದುಕಿದ್ದಾಳೆ ಅಂತ ದಾಖಲಿಸಿ.

ಇಂತಿ,
ಇನ್ನು ಯಾವ ಕವರನ್ನೂ ನಿಮ್ಮ ಕೈಗೆ ಬಿಟ್ಟುಕೊಡದ,
ಅವಳ ತಂಗಿ