ಅಂಗಡಿಯಲ್ಲಿ ಕೊಡವಿ ಬಂದದ್ದು

ಮಾರ್ಚ್ 12, ಸೋಮವಾರ

ಟರ್ಬೈನಿನ ದಂಡ ತಿರುಗಿಸಿದ್ದಾಯಿತು. ವಾರಕ್ಕೊಮ್ಮೆ ಹೊರಳಿಸದಿದ್ದರೆ ತನ್ನ ಭಾರಕ್ಕೆ ತಾನೇ ಬಗ್ಗುತ್ತದೆ. ಒಂದು ಬಲ್ಬನ್ನೂ ಉರಿಸದ ಅಣುಸ್ಥಾವರ — ಉಪಚಾರ ಮಾತ್ರ ಹಾಸಿಗೆ ಹಿಡಿದ ಅತ್ತೆಗೆ ಮಾಡಿದ ಹಾಗೆ. ಆಮೇಲೆ ಗೇಟಿನ ಕಾವಲುಗಾರ ತೆಬಾನ್ ಜೊತೆ ಬಿಸಿಂಗಳ ಅಂಗಡಿಯಲ್ಲಿ ಕಾಫಿ.

ಪ್ಲಾಂಟಿನಿಂದ ನೇರ ಮನೆಗೆ ಯಾರೂ ಹೋಗುವುದಿಲ್ಲ. ಕಟ್ಟುವಾಗ ಬಿದ್ದು ಸತ್ತವರಿದ್ದಾರೆ. ಸಾವಿನ ಮನೆಯಿಂದ ಬರುವಾಗ ಮಾಡುವಂತೆ, ನಡುವೆ ಎಲ್ಲಾದರೂ ಕೂತು, ಬೆನ್ನ ಹಿಂದೆ ಬಂದದ್ದನ್ನು ಅಲ್ಲೇ ಕೊಡವಿ ಹೋಗಬೇಕು. ಇದಕ್ಕೇ ಪಗ್‌ಪಗ್ ಅನ್ನುವುದು. ಕೆಲಸಕ್ಕೆ ಸೇರಿದಾಗಿನಿಂದ ಒಂದು ಸಂಜೆಯೂ ತಪ್ಪಿಸಿಲ್ಲ.

ಅಂಗಡಿಯ ರೇಡಿಯೋದಲ್ಲಿ ಮನಿಲಾದ ಸುದ್ದಿ: ಪ್ಲಾಂಟಿನ ಸಾಲದ ಕೊನೆಯ ಕಂತು ಮುಂದಿನ ತಿಂಗಳು. ಸಾಲ ಮಾಡಿದ ಸರ್ವಾಧಿಕಾರಿ ಓಡಿಹೋಗಿ, ಹೋದಲ್ಲೇ ಸತ್ತು ಎಷ್ಟೋ ಕಾಲವಾಯಿತು. ತೀರಿಸುತ್ತಿರುವುದು ನಾವು.

“ಸಾಲ ಅಂದ್ರೆ ಸಾಲ, ಪಾರಿಂಗ್,” ಅಂದ ತೆಬಾನ್. “ದೊರೆ ಹೋದ, ದೇಶ ಎಲ್ಲಿಗೋಯ್ತು? ಕೊಡಲ್ಲ ಅಂತ ಕೂತ್ರೆ ನಾಳೆ ಅಕ್ಕಿ ತರೋಕೂ ಯಾರೂ ಕಾಸು ಬಿಚ್ಚಲ್ಲ.”

ಬಿಸಿಂಗ್ ಸಾರ್ಡೀನ್ ಡಬ್ಬಿ ಎತ್ತಿ ತೋರಿಸಿದಳು. “ತೆರಿಗೆ ಅಂತ ಇದ್ರಲ್ಲೂ ಅವನ ಸಾಲ ಇದೆ ಕಣಯ್ಯಾ. ಮೀನಿಗಿಂತ ಅದೇ ಜಾಸ್ತಿ.”

ಮಾರ್ಚ್ 15

ಅಮ್ಮನಿಗೆ ಕಂತಿನ ಸುದ್ದಿ ಹೇಳಬಾರದಿತ್ತು.

“ಕಳ್ಳ ಬಂದು ಮನೆ ದೋಚಿದ. ಅವನು ತಂದ ಚೂರಿ ದುಡ್ಡೂ ನಾನೇ ಕೊಡ್ಬೇಕಾ?” ಉಸಿರು ಹಿಡಿದು ಮತ್ತೆ — “ಕೊಟ್ಟೆ. ಉಪ್ಪಲ್ಲಿ ಕೊಟ್ಟೆ, ಸೀಮೆಎಣ್ಣೇಲಿ ಕೊಟ್ಟೆ. ನನ್ನ ಮಗನ್ನ ಯಾವಾಗ ಕೊಡ್ತಾರಂತೆ? ಅದನ್ನ ಹೇಳಿದ್ರಾ ರೇಡಿಯೋದಲ್ಲಿ?”

ಅಣ್ಣ ಲಾರ್ಯೋ ‘ಈ ಪ್ಲಾಂಟು ಬೇಡ’ ಎಂದು ಗೋಡೆಗೋಡೆಗೆ ಕಾಗದ ಅಂಟಿಸಿದ. ಸೈನಿಕರು ಊಟದ ಮುಂದಿನಿಂದ ಎಳೆದೊಯ್ದರು. ನನಗಾಗ ಹನ್ನೊಂದು. ಅಂಗಳದಲ್ಲಿ ಒಂದು ಹವಾಯಿ ಚಪ್ಪಲಿ ಉಳಿಯಿತು. ಇಂದಿಗೂ ಬಾಗಿಲ ಬಳಿ ಇದೆ. ಹೆಣವಿಲ್ಲ, ಜಾಗರಣೆಯಿಲ್ಲ, ಒಂಬತ್ತು ದಿನದ ಪ್ರಾರ್ಥನೆಯಿಲ್ಲ. ಪ್ರತಿ ಸಂಜೆ ಅಮ್ಮ ಅವನಿಗೊಂದು ತಟ್ಟೆ ಬಡಿಸುತ್ತಾಳೆ.

ಅಮ್ಮನ ಕಾಲು ಬಾತಿದೆ. ಹೃದಯ ಸೋತಿದೆ ಎಂದರು ನರ್ಸಮ್ಮ. “ಅವನು ಮನೆಗೆ ಬರ್ಲಿ, ಆಮೇಲೆ ಹೋಗ್ತೀನಿ,” ಅನ್ನುತ್ತಾಳೆ, ಬಸ್ಸಿಗೆ ಕಾಯುವವಳಂತೆ. ಭಯವಾಗುತ್ತದೆ ನನಗೆ.

ಮಾರ್ಚ್ 26

ಟರ್ಬೈನ್ ಹಾಲಿನಲ್ಲಿ ಮತ್ತೆ ಆ ಸದ್ದು. ಟಪ್... ಏನೂ ಇಲ್ಲ... ಟಪ್. ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿದೆ ಎಂದುಕೊಳ್ಳುತ್ತಿದ್ದೆ ಇಷ್ಟು ವರ್ಷ. ಆದರೆ ಯಾವ ಪೈಪಿನಲ್ಲೂ ನೀರಿಲ್ಲ.

ನಿಂತೆ. ನಿಂತಿತು.

ಅಂಗಡಿಯಲ್ಲಿ ಗಿರಾಕಿಗಳೆಂದರೆ ನಾನು, ತೆಬಾನ್ ಇಬ್ಬರೇ. ಬಿಸಿಂಗ್ ಮೂರು ಲೋಟ ಕಾಫಿ ತಂದಿಟ್ಟಳು. ಆಮೇಲೆ ತಾನೇ ಬೆಚ್ಚಿ ಒಂದನ್ನು ಒಳಗೆ ಒಯ್ದಳು. ಯಾರೂ ನಗಲಿಲ್ಲ.

ಏಪ್ರಿಲ್ 6, ಶುಭ ಶುಕ್ರವಾರ

ದೇವರು ಸತ್ತ ದಿನ. ಬೀದಿಯಲ್ಲಿ ಹೆಂಗಸರು ಯೇಸುವಿನ ಯಾತನೆಯನ್ನು ರಾಗವಾಗಿ ಓದುತ್ತಿದ್ದಾರೆ. ತೆಬಾನ್ ಬಂದು ಮೆಟ್ಟಿಲ ಮೇಲೆ ಕೂತ. ಒಳಗೆ ಬಾ ಎಂದರೂ ಬರಲಿಲ್ಲ.

“ನಿಂಗೂ ಕೇಳ್ಸುತ್ತಲ್ವಾ, ಪಾರಿಂಗ್?”

ಏನು ಎಂದು ಕೇಳುವ ಅಗತ್ಯವಿರಲಿಲ್ಲ.

ಆಗ ಅವನು ಕಾಂಕ್ರೀಟ್ ಕೂಲಿ. ಟರ್ಬೈನಿನ ಅಡಿಪಾಯದ ಗುಂಡಿಗೆ ಮಿಲಿಟರಿ ಲಾರಿ ಬಂದಿತ್ತಂತೆ. “ಸುರೀರಿ, ಬಗ್ಗಿ ನೋಡ್ಬೇಡಿ ಅಂದ್ರು. ನಾನು ನೋಡ್ಬಿಟ್ಟೆ. ಒಂದೇ ಕಾಲಲ್ಲಿ ಚಪ್ಪಲಿ ಇತ್ತು.” ಮುಖ ಒರೆಸಿಕೊಂಡ. “ಅವನೊಬ್ಬನೇ ಇರ್ಲಿಲ್ಲ ಕಣಮ್ಮ.”

ಹೊಡೆಯಬೇಕೆನಿಸಿತು. ನೀರು ಕೊಟ್ಟೆ.

“ಗೇಟಿನವರೆಗೂ ಬರುತ್ತೆ, ಅಂಗಡಿವರೆಗೂ ಬರುತ್ತೆ,” ಅಂದೆ. “ಅಲ್ಲಿಂದ ಮುಂದೆ ಯಾಕೆ ಬರಲ್ಲ?”

ಕೇಳುತ್ತಿದ್ದಂತೆ ನನಗೇ ಹೊಳೆಯಿತು.

ಏಪ್ರಿಲ್ 7

ನಿದ್ದೆಯಿಲ್ಲ. ಪ್ರತಿ ಸಂಜೆ ಅಣ್ಣ ನನ್ನ ಬೆನ್ನ ಹಿಂದೆ ಬಂದಿದ್ದಾನೆ. ಪ್ರತಿ ಸಂಜೆ ಅಂಗಡಿಯ ಬೆಂಚಿನಲ್ಲಿ ಕಾಫಿ ಕುಡಿದು ಅವನನ್ನು ಕೊಡವಿ ಬಂದಿದ್ದೇನೆ. ಇಲ್ಲಿ ಅಮ್ಮ ತಟ್ಟೆ ಇಟ್ಟುಕೊಂಡು ಕಾದಿದ್ದಾಳೆ.

ಆ ಸಾಲ ಮಾತ್ರ ಎಲ್ಲೂ ಕೂರಲಿಲ್ಲ, ನೇರ ಮನೆಗೆ ಬಂತು. ಅದನ್ನು ಕೊಡವಿಕೊಳ್ಳಲು ನಮಗೊಂದು ಅಂಗಡಿ ಇರಲಿಲ್ಲ.

ಏಪ್ರಿಲ್ 16, ಸೋಮವಾರ

ಕೊನೆಯ ಕಂತು ಕಟ್ಟಿದ ಸಂಭ್ರಮಕ್ಕೆ ಮನಿಲಾದಿಂದ ಅಧಿಕಾರಿಗಳು. ಇಡೀ ಹಂದಿ ಸುಟ್ಟಿದ್ದರು. ಪಾದ್ರಿ ಪವಿತ್ರ ಜಲ ಚಿಮುಕಿಸಿದರು. “ನಮ್ಮ ದೇಶ ಮಾತಿಗೆ ತಪ್ಪಲಿಲ್ಲ,” ಎಂದು ಭಾಷಣ. ಚಪ್ಪಾಳೆ. ಯಾರ ಮಾತು ಅದು? ನಾನಂತೂ ಕೊಟ್ಟಿರಲಿಲ್ಲ.

ನಾಳೆಯಿಂದ ಟರ್ಬೈನ್ ಹಾಲಿಗೆ ಬೀಗವಂತೆ. ಇನ್ನು ದಂಡ ತಿರುಗಿಸುವುದೂ ಬೇಡವಂತೆ.

ಒಬ್ಬ ಅಧಿಕಾರಿಯನ್ನು ಹೋಗಿ ಕೇಳಿಯೇಬಿಟ್ಟೆ: “ಸರ್, ಅದರ ಅಡೀಲಿ ಇರೋರದ್ದು ಯಾರ ಲೆಕ್ಕಕ್ಕೆ?”

ಅವರಿಗೆ ತಿಳಿಯಲಿಲ್ಲ. ಮೂಳೆ ಚೀಪುತ್ತಾ ನಕ್ಕರು. “ಎಲ್ಲಾ ಚುಕ್ತಾ ಆಯ್ತಕ್ಕಾ. ಊಟ ಮಾಡಿ.”

ಅದೇ ದಿನ, ಸಂಜೆ

ಕೊನೆಯ ಬಾರಿ ಹಾಲಿಗೆ ಹೋದೆ. ತಣ್ಣನೆಯ ನೆಲ ಮುಟ್ಟಿ, “ಬಾ ಅಣ್ಣಾ, ಮನೆಗೆ ಹೋಗೋಣ” ಅಂದೆ.

ಗೇಟು ದಾಟಿದೆ. ಟಪ್... ಟಪ್... ಅಂಗಡಿಯ ನಾಯಿ ನನ್ನ ಹಿಂದಕ್ಕೆ ನೋಡಿ ಬೆಂಚಿನಡಿ ನುಸುಳಿತು.

“ಏ ಪಾರಿಂಗ್! ಕೂರದೆ ಹೋಗ್ತೀಯಾ? ಹಿಂದೆ ಬಂದ್ಬಿಡುತ್ತೆ ಕಣೇ!” ಬಿಸಿಂಗ್ ಕೂಗಿದಳು.

“ಬರ್ಲಿ ಬಿಡು.”

ತಿರುಗಿ ನೋಡಲಿಲ್ಲ.

ಈಗ ಮನೆಯಲ್ಲಿದ್ದೇನೆ. ಅಮ್ಮನಿಗೆ ಏನೂ ಹೇಳಿಲ್ಲ. ಅನ್ನ, ಹುರಿದ ಒಣಮೀನು ಬಡಿಸಿಟ್ಟು ಕೂತಿದ್ದಾಳೆ. ಹೊರಗೆ ಹಲ್ಲಿಯೂ ಲೊಚಗುಟ್ಟುತ್ತಿಲ್ಲ. ಬರೆಯುತ್ತಾ ಕಾಯುತ್ತಿದ್ದೇನೆ —

ಕೆಳಗಿನ ಮೆಟ್ಟಿಲು ಕಿರುಗುಟ್ಟಿತು. ಟಪ್.

ಅಮ್ಮ ಎದ್ದಳು. ವಾರದಿಂದ ಆಸರೆಯಿಲ್ಲದೆ ಏಳದವಳು, ಗೋಡೆಯನ್ನೂ ಹಿಡಿಯದೆ. ಬಾಗಿಲ ಬಳಿಯ ಚಪ್ಪಲಿ ಕೈಗೆತ್ತಿಕೊಂಡು ಅಂಗಿಯ ಅಂಚಿನಿಂದ ಧೂಳು ಒರೆಸುತ್ತಿದ್ದಾಳೆ.

ಟಪ್. ಅದರ ಹಿಂದೆ ಬರಿಗಾಲುಗಳು. ಒಂದಲ್ಲ, ಎರಡಲ್ಲ. ಮೆಟ್ಟಿಲು ತುಂಬ. ಅಂಗಳ ತುಂಬ.

ಅಮ್ಮ ಬಾಗಿಲಿನಿಂದ ಇಣುಕಿ ನೋಡಿದಳು. ಹೆದರಲಿಲ್ಲ. ನನ್ನ ಕಡೆ ತಿರುಗಿದಳು.

“ಪಾರಿಂಗ್, ಬರಿಯೋದು ಸಾಕು. ತಟ್ಟೆ ತೆಗಿ. ಪಾಪ, ಎಲ್ರೂ ಹಸ್ಕೊಂಡಿದಾರೆ.”

ಇರುವುದು ಆರೇ ತಟ್ಟೆ. ಬಿಸಿಂಗ್ ಹತ್ತಿರ ಕೇಳಿ ತರಬೇಕು, ಅಕ್ಕಿಯೂ ಇನ್ನೊಂದು ಸೇರು —